ತೋಟದ ಮನೆಯಲ್ಲಿ ಹೆರಿಗೆ: ಗಂಡನ ಪಾಲಿನ ಕೆಲಸ

ಮುಧೋಳ, ಜಮಖಂಡಿ ಕಡೆ ತೋಟದ ಮನೆಯಲ್ಲಿರುವವರಿಗೆ ಎರಡನೇ ಹೆರಿಗೆಯೇ ಪೇಚಿನದು. ಚೊಚ್ಚಲಿಗೆ ಹೆಂಡತಿ ತವರಿಗೆ ಹೋಗಿರುತ್ತಾಳೆ. ಅವಳ ಅವ್ವ, ಅತ್ತಿಗೆಯರು ಎಲ್ಲ ನೋಡಿಕೊಳ್ಳುತ್ತಾರೆ, ಗಂಡನಿಗೆ ಸುದ್ದಿಯಷ್ಟೇ ಬರುತ್ತದೆ. ಎರಡನೆಯದಕ್ಕೆ ಬಹಳ ಮಂದಿ ಗಂಡನ ಮನೆಯಲ್ಲೇ ಉಳಿಯುತ್ತಾರೆ. ಮೇಲಾಗಿ ಅದು ಬೇಗ ಆಗುತ್ತದೆ. ಗರ್ಭದ ಬಾಯಿ 5 ಸೆಂ.ಮೀ. ತೆರೆದ ಮೇಲೆ ಚೊಚ್ಚಲಿಗೆ ಹೆಚ್ಚೆಂದರೆ 12 ಗಂಟೆ, ಮುಂದಿನವಕ್ಕೆ 10 ಗಂಟೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಅದು ಹೊರಮಿತಿ, ಎಷ್ಟೋ ಸಲ ಎರಡು-ಮೂರು ತಾಸಿನಲ್ಲೇ ಮುಗಿದಿರುತ್ತದೆ. ನಾವು ಗೊತ್ತುಮಾಡಿದ್ದು ತಾಲ್ಲೂಕು ಆಸ್ಪತ್ರೆ. ಕೂಸು ಹುಟ್ಟಿದ್ದು ಮನೆಯಲ್ಲಿ, ಆರೋಗ್ಯ ಉಪಕೇಂದ್ರದ ನರ್ಸಬಾಯಿಯವರ ಕೈಯಲ್ಲಿ. ಹಾಗೂ ಆಗಬಹುದೆಂದು ಮೊದಲೇ ಮಾಡಿಟ್ಟುಕೊಂಡ ತಯಾರಿ ಇದು. ಬೇಕೆಂದೇ ಮನೆಯಲ್ಲಿ ಹೆರಿಗೆ ಮಾಡಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ಕೆಲವರ ವಿಷಯದಲ್ಲಿ ಈ ತಯಾರಿಯನ್ನು ನಂಬಿ ಕೂರಲೇಬಾರದು. ಹಿಂದಿನದು ಸಿಜೇರಿಯನ್ ಆಗಿದ್ದರೆ, ಅವಳಿ ಇದ್ದರೆ, ಕೂಸು ಅಡ್ಡ ಇಲ್ಲವೆ ಬುಡ ಕೆಳಗಾಗಿದ್ದರೆ, ಬಿಪಿ ಏರಿದ್ದರೆ, ಮೊದಲ ಹೆರಿಗೆಯಲ್ಲಿ ರಕ್ತ ಹೆಚ್ಚು ಹೋಗಿದ್ದರೆ, ದಿನ ತುಂಬುವ ಮೊದಲೇ ಆಸ್ಪತ್ರೆ ಇರುವ ಊರಲ್ಲಿ ನಂಟರ ಮನೆ ಸೇರಬೇಕು. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ರ ಕೆಳಗಿದ್ದರೆ ತೀವ್ರ. ತಾಯಿ ಕಾರ್ಡಿನಲ್ಲಿ ಇದೆಲ್ಲ ಬರೆದಿರುತ್ತದೆ, ಗಂಡಸರು ಅದನ್ನು ಓದುವುದಿಲ್ಲ, ಅಷ್ಟೇ. ಪ್ರತಿ ತಿಂಗಳ 9ನೇ ತಾರೀಕು ಸರಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಬಿಟ್ಟಿ ತಪಾಸಣೆ ಇರುತ್ತದೆ. ಅವತ್ತು ಜೊತೆಗೆ ಹೋಗಿ ಎಲ್ಲವನ್ನೂ ಬಾಯಿಬಿಟ್ಟು ಕೇಳಬೇಕು.

ಇನ್ನು ದಾರಿ. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಸಾಲುಗಟ್ಟಿ ನಿಂತಿರುತ್ತವೆ. ಮಳೆಗಾಲದಲ್ಲಿ ಘಟಪ್ರಭಾ, ಕೃಷ್ಣಾ ತುಂಬಿದರೆ ತಗ್ಗಿನ ಸೇತುವೆ ಮುಳುಗಿ ದಾರಿ ಸುತ್ತು ಬೀಳುತ್ತದೆ. ಎರಿ ಹೊಲದ ಬಂಡಿದಾರಿ ಒಂದು ಮಳೆಗೆ ಅರಲು ಆದರೆ 108 ಗಾಡಿ ಡಾಂಬರು ರಸ್ತೆ ಬಿಟ್ಟು ಇಳಿಯುವುದಿಲ್ಲ. ಅದಕ್ಕೇ ಮೂರು ಕೆಲಸ ಮಾಡಿಟ್ಟಿದ್ದೆ. ತೋಟದ ತಿರುವಿನ ಗುರುತು (ಕರೆಂಟಿನ ಟ್ರಾನ್ಸ್‌ಫಾರ್ಮರ್ ಕಂಬ, ಗುಡಿ, ಯಾರ ಹೊಲ) ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದು, ಯಾರು ಫೋನ್ ಹಚ್ಚಿದರೂ ಅದನ್ನೇ ಓದಲಿ ಅಂತ. ಊರಲ್ಲಿ ಜೀಪು ಇಟ್ಟವರಿಗೆ ಮುಂಚೆಯೇ ಹೇಳಿಟ್ಟಿದ್ದು. ಹೊರಸಿನ ಮೇಲೆ ರಸ್ತೆಯತನಕ ಹೊತ್ತೊಯ್ಯಲು ಬಾಜು ತೋಟದ ನಾಲ್ಕು ಜನರನ್ನು ಗೊತ್ತುಮಾಡಿದ್ದು.

ಸಾಮಾನಿನ ಚೀಲದಲ್ಲಿ ಉಪಕೇಂದ್ರದವರು ಕೊಟ್ಟ ಹೆರಿಗೆ ಕಿಟ್, ಸೋಪು, ತೊಳೆದ ಹೊಸ ತಾಡಪತ್ರಿ, ಬಿಸಿಲಲ್ಲಿ ಒಣಗಿಸಿದ ಮೆತ್ತನೆಯ ಹತ್ತಿ ಸೀರೆಗಳು, ಕೂಸಿಗೆ ಟೊಪಗಿ, ದೊಡ್ಡ ಪ್ಯಾಡು, ಕೈಗವಸು, ತಾಯಿ ಕಾರ್ಡು, ಆಧಾರ್. ಹಣೆಗೆ ಕಟ್ಟುವ ಬ್ಯಾಟರಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂತು. ತೋಟದಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು, ಮೊಬೈಲ್ ಬೆಳಕು ಹಿಡಿದರೆ ಒಂದು ಕೈ ಕಟ್ಟಿಹಾಕಿದಂತೆ.

ಬ್ಯಾನಿ (ಹೆರಿಗೆ ನೋವು) ಎಣಿಸುವುದು ಹೀಗೆ: ಒಂದು ಬ್ಯಾನಿ ಶುರುವಾದ ಹೊತ್ತಿನಿಂದ ಮುಂದಿನದು ಶುರುವಾಗುವ ತನಕ. ಅಡ್ಡಾಡಿದರೆ, ನೀರು ಕುಡಿದು ಮಲಗಿದರೆ ನಿಲ್ಲುವುದು ಸುಳ್ಳು ಬ್ಯಾನಿ. ಚೊಚ್ಚಲಿಗೆ 5 ನಿಮಿಷಕ್ಕೊಂದು, ಒಂದೊಂದೂ ಮುಕ್ಕಾಲು-ಒಂದು ನಿಮಿಷ, ಹೀಗೆ ಒಂದು ತಾಸು ನಡೆದ ಮೇಲೆ ಹೊರಟರೆ ನಡೆಯುತ್ತದೆ. ಎರಡನೆಯದಕ್ಕೆ ಅಷ್ಟು ಕಾಯಬಾರದು. ಕ್ರಮವಾಗಿ ಬರತೊಡಗಿದ ಕೂಡಲೇ 108ಕ್ಕೂ ನರ್ಸಬಾಯಿಯವರಿಗೂ ಒಟ್ಟಿಗೇ ಫೋನ್ ಹಚ್ಚಬೇಕು. ನೀರು ಒಡೆದು ಹಸಿರಾಗಿ ಬಂದರೆ, ಕೆಂಪು ರಕ್ತ ಸುರಿದರೆ, ತಲೆನೋವಿನೊಂದಿಗೆ ಕಣ್ಣು ಮಂಜಾದರೆ, ಕೂಸಿನ ಮಿಸುಕಾಟ ಕಡಿಮೆಯಾದರೆ ಎಣಿಕೆ ಬಿಟ್ಟು ಹೊರಡಬೇಕು. ಹೊಕ್ಕಳಬಳ್ಳಿ ಮೊದಲು ಹೊರಗೆ ಕಂಡರೆ ಮೊಣಕಾಲೂರಿ, ಎದೆ ನೆಲಕ್ಕೆ ಹಚ್ಚಿ, ಕುಂಡಿ ಮೇಲೆತ್ತಿಸಿ ಅದೇ ಭಂಗಿಯಲ್ಲಿ ಸಾಗಿಸಬೇಕು. ಬಳ್ಳಿಯನ್ನು ಒಳಗೆ ತಳ್ಳಬಾರದು.

ಗಾಡಿ ಬರುವತನಕ ಗಂಡನ ಕೈಗೆ ಕೆಲಸ ಇದೆ. ನಡುವಿನ ಕೆಳಗೆ, ಕುಂಡಿ ಸೀಳಿನ ಮೇಲಿರುವ ಚಪ್ಪಟೆ ಎಲುಬಿನ ಮೇಲೆ ಅಂಗೈ ಬುಡ ಊರಿ, ಬ್ಯಾನಿ ಶುರುವಾದಾಗ ಒತ್ತಿ, ಇಳಿದಾಗ ಬಿಡುವುದು. ತೋಳ ಬಲ ಸಾಲದು, ಮೈಭಾರ ಹಾಕಬೇಕು. ಎಷ್ಟು ಒತ್ತಬೇಕೆಂಬುದನ್ನು ಅವಳೇ ಹೇಳುತ್ತಾಳೆ. ಕಾಳಿನ ಚೀಲದ ಮೇಲೆ ಮುಂದಕ್ಕೆ ಬಾಗಿ ನಿಲ್ಲುವುದು, ಎಡಮಗ್ಗುಲಿಗೆ ಮಲಗುವುದು, ಅಡ್ಡಾಡುವುದು, ಯಾವುದು ಹಗುರ ಅನಿಸುತ್ತದೋ ಅದು. ಅಂಗಾತ ಮಲಗಿಸಿ ಇಡಬಾರದು. ಗಂಜಿ, ಮಜ್ಜಿಗೆ ಗುಟುಕು ಗುಟುಕಾಗಿ ಕೊಡಬಹುದು. ಎರಡು ತಾಸಿಗೊಮ್ಮೆ ಮೂತ್ರಕ್ಕೆ ಕಳಿಸಬೇಕು, ತುಂಬಿದ ಮೂತ್ರಚೀಲ ಕೂಸಿನ ತಲೆಗೆ ಅಡ್ಡ ಬರುತ್ತದೆ. ಆದರೆ "ಸಂಡಾಸಕ್ಕ ಬಂದಂಗ ಆಗಾಕತ್ತೈತಿ" ಅಂದಳೆಂದರೆ ಹೊರಗಿನ ಸಂಡಾಸಿಗೆ ಕಳಿಸುವುದಿರಲಿ, ಗಾಡಿ ಹತ್ತಿಸುವುದೂ ಬೇಡ. ಕೂಸಿನ ತಲೆ ಕೆಳಗಿಳಿದ ಗುರುತು ಅದು.

ಈ ಹೊತ್ತಿಗೆ ಮನೆಯವರು ತರುವ ಎರಡು ಸಲಹೆ ತಡೆಯುವುದೇ ಗಂಡನ ದೊಡ್ಡ ಕೆಲಸ. ಒಂದು, ಮೇಲಿನಿಂದ ಹೊಟ್ಟೆ ಒತ್ತುವುದು. ಇನ್ನೊಂದು, ಊರ ಡಾಕ್ಟರನ್ನು ಕರೆಸಿ ಬ್ಯಾನಿ ಹೆಚ್ಚುವ ಸೂಜಿ ಮಾಡಿಸುವುದು. ಆ ಸೂಜಿ ಆಕ್ಸಿಟೋಸಿನ್. ಹೆರುವ ಮುಂಚೆ ಅಳತೆಯಿಲ್ಲದೆ ಚುಚ್ಚಿದರೆ ಗರ್ಭಚೀಲ ಬಿಡುವಿಲ್ಲದೆ ಬಿಗಿದು ಕೂಸಿಗೆ ಉಸಿರು ಸಿಗುವುದಿಲ್ಲ, ಚೀಲ ಹರಿಯಲೂಬಹುದು. ಅದೇ ಮದ್ದನ್ನು ನರ್ಸಬಾಯಿಯವರು ಕೂಸು ಹೊರಬಂದು, ಒಳಗೆ ಇನ್ನೊಂದಿಲ್ಲವೆಂದು ನೋಡಿದ ಮೇಲೆ 10 ಯೂನಿಟ್ ಕೊಡುತ್ತಾರೆ. ಆಗ ಅದು ರಕ್ತ ತಡೆಯುತ್ತದೆ.

ಹಿರಿಯರನ್ನು ಎದುರುಹಾಕಿಕೊಳ್ಳದೆ ಇದನ್ನು ದಾಟಿಸಲು ನಮ್ಮಲ್ಲಿ ಒಂದೇ ಉಪಾಯ: "ಅವ್ವಾ, ನರ್ಸಬಾಯಾರು ಬ್ಯಾಡಂದಾರ."

ನರ್ಸಬಾಯಿಯವರು ಬರುವ ಮುಂಚೆಯೇ ತಲೆ ಕಂಡರೆ ಕೈ ಸೋಪು ಹಚ್ಚಿ ಮೊಣಕೈತನಕ ತೊಳೆದು, 108ರವರನ್ನು ಸ್ಪೀಕರಿನಲ್ಲಿ ಹಿಡಿದಿಟ್ಟು, ಕೂಸನ್ನು ಆನಿಸಿಕೊಳ್ಳುವುದಷ್ಟೇ. ತಲೆ ಹಿಡಿದು ಎಳೆಯಬಾರದು. ಕುತ್ತಿಗೆಗೆ ಬಳ್ಳಿ ಸಡಿಲಾಗಿ ಸುತ್ತಿದ್ದರೆ ತಲೆಯ ಮೇಲಿಂದ ಜಾರಿಸಬಹುದು. ಹೊರಬಂದ ಕೂಡಲೇ ಒಣ ಬಟ್ಟೆಯಿಂದ ಒರೆಸಿ, ಒದ್ದೆ ಬಟ್ಟೆ ಬಿಸಾಕಿ, ತಾಯಿಯ ಬರಿ ಎದೆಯ ಮೇಲೆ ಹಾಕಿ, ಟೊಪಗಿ ತೊಡಿಸಿ, ಇಬ್ಬರ ಮೇಲೂ ಕೌದಿ ಹೊದಿಸಬೇಕು. ಫ್ಯಾನು ಬಂದ್. ಅಳದಿದ್ದರೆ ಬೆನ್ನು ಉಜ್ಜಬೇಕು. ತಲೆಕೆಳಗು ಹಿಡಿಯುವುದು, ಬಡಿಯುವುದು ಬೇಡ. ಮೊದಲ ಒಂದು ನಿಮಿಷದೊಳಗೆ ಉಸಿರು ಶುರುವಾಗಬೇಕು. ಆಗದಿದ್ದರೆ ಅಂಗಾತ ಮಲಗಿಸಿ, ಗದ್ದ ತುಸು ಎತ್ತಿ, ಬಾಯಿ-ಮೂಗು ಎರಡನ್ನೂ ನಮ್ಮ ಬಾಯಿಂದ ಮುಚ್ಚಿ, ಕೆನ್ನೆಯಲ್ಲಿ ಹಿಡಿಯುವಷ್ಟೇ ಗಾಳಿ ಮೆಲ್ಲಗೆ ಊದಬೇಕು, ಎದೆ ಏಳುತ್ತದೋ ನೋಡುತ್ತ.

ಬಳ್ಳಿ ಕತ್ತರಿಸಲು ಅವಸರವಿಲ್ಲ. ನರ್ಸಬಾಯಿ ದಾರಿಯಲ್ಲಿದ್ದರೆ ಮುಟ್ಟದೆ ಬಿಡುವುದೇ ಒಳ್ಳೆಯದು. ಮಾಸು (ಕಸ, ಪ್ಲಾಸೆಂಟಾ) ಸಾಮಾನ್ಯವಾಗಿ 30 ನಿಮಿಷದೊಳಗೆ ತಾನಾಗಿ ಬೀಳುತ್ತದೆ. ಬಳ್ಳಿ ಜಗ್ಗಿದರೆ ಗರ್ಭಚೀಲವೇ ಮಗುಚಿ ಹೊರಬರಬಹುದು. ಬಿದ್ದದ್ದನ್ನು ಹೂಳದೆ ಪಾತ್ರೆಯಲ್ಲಿಟ್ಟು ತೋರಿಸಬೇಕು, ಒಂದು ಚೂರು ಒಳಗುಳಿದರೂ ರಕ್ತ ನಿಲ್ಲುವುದಿಲ್ಲ. ಮಾಸು ಬಿದ್ದ ಮೇಲೆ ಹೊಕ್ಕಳ ಕೆಳಗೆ ಗರ್ಭಚೀಲ ಗಟ್ಟಿ ತೆಂಗಿನಕಾಯಿಯ ಹಾಗೆ ಕೈಗೆ ಸಿಗಬೇಕು. ಮೆತ್ತಗಿದ್ದರೆ ಗಟ್ಟಿಯಾಗುವತನಕ ಸುತ್ತ ತಿಕ್ಕಬೇಕು, ಮೂತ್ರ ಮಾಡಿಸಬೇಕು, ಕೂಸಿಗೆ ಮೊಲೆ ಹಿಡಿಸಬೇಕು. ಹೋದ ರಕ್ತ ಅರ್ಧ ಲೀಟರ್ ದಾಟಿದರೆ ಅಪಾಯ. ಬಟ್ಟೆ ಹೀರಿದ ರಕ್ತ ಅಂದಾಜಿಗೆ ಸಿಗುವುದಿಲ್ಲ. ಅರ್ಧ ಲೀಟರ್ ಕೆಂಪು ಬಣ್ಣದ ನೀರನ್ನು ಹಳೇ ಸೀರೆಯ ಮೇಲೆ ಸುರಿದು ಮೊದಲೇ ನೋಡಿಟ್ಟುಕೊಂಡಿದ್ದು ನನಗೆ ಬಲು ಉಪಯೋಗವಾಯಿತು. ಪ್ಯಾಡು ಐದು ನಿಮಿಷದೊಳಗೆ ತೊಯ್ದರೆ ಗಾಡಿ ಹೊರಡಲೇಬೇಕು.

ಎಲ್ಲ ಸುಸೂತ್ರವಾದರೂ ಅವತ್ತೇ ಆಸ್ಪತ್ರೆಗೆ ಹೋಗಬೇಕು: ಕೂಸಿಗೆ ವಿಟಮಿನ್ ಕೆ, ಬಿಸಿಜಿ, ಪೋಲಿಯೊ ಹನಿ, 24 ತಾಸಿನೊಳಗೆ ಹೆಪಟೈಟಿಸ್ ಬಿ. ಬೆಲ್ಲದ ನೀರು, ಜೇನು, ಔಡಲೆಣ್ಣೆ ಯಾವುದೂ ಬೇಡ, ಒಂದು ತಾಸಿನೊಳಗೆ ಎದೆಹಾಲು. ಹೊಕ್ಕಳಿಗೆ ಅರಿಷಿಣ, ಬೂದಿ ಹಚ್ಚಬಾರದು. ಸ್ನಾನ 24 ತಾಸು ಕಳೆದ ಮೇಲೆ. ಬಾಣಂತಿ ಕೋಣೆಯ ಬಾಗಿಲು ಮುಚ್ಚಿ ಹೊರಸಿನ ಕೆಳಗೆ ಕೆಂಡದ ಶೇಗಡಿ ಇಡುವ ರೂಢಿಗೆ ನಾನು ಕಡಾಖಂಡಿತ ಒಪ್ಪಲಿಲ್ಲ; ಆ ಹೊಗೆಯ ವಿಷಕ್ಕೆ ವಾಸನೆಯೇ ಇರುವುದಿಲ್ಲ. ಅಂಟಿನುಂಡಿಗೆ ನನ್ನ ತಕರಾರಿಲ್ಲ. ಮನೆಯಲ್ಲಿ ಹುಟ್ಟಿದ ಕೂಸನ್ನು ಆಶಾ ಅಕ್ಕ 1, 3, 7, 14, 21, 28, 42ನೇ ದಿನ ಬಂದು ನೋಡಬೇಕು. ಆಸ್ಪತ್ರೆಯಲ್ಲಿ ಹುಟ್ಟದ ಕೂಸಿನ ಜನನ ನೋಂದಣಿಗೆ ಮನೆಯವರೇ 21 ದಿನದೊಳಗೆ ಅರ್ಜಿ ಕೊಡಬೇಕು.