ಸೆನ್ಸರ್ ಹೋಗಿದೆ ಎಂದರು, ಗುಂಡುಸೂಜಿ ಬೇರೆಯೇ ಹೇಳಿತು

ನಮ್ಮ ಊರಿನಿಂದ ಉಡುಪಿಗೆ ಹೋಗಬೇಕೆಂದರೆ ಆಗುಂಬೆ ಘಾಟಿ ಇಳಿಯಬೇಕು. 14 ತಿರುವುಗಳು, ಮಳೆಗಾಲದಲ್ಲಿ ರಸ್ತೆಯ ತುಂಬ ಕೊಳೆತ ಎಲೆ. ಅಮ್ಮನನ್ನು ತಿಂಗಳಿಗೊಮ್ಮೆ ಆಸ್ಪತ್ರೆಗೆ ಕರೆದೊಯ್ಯುವ ದಾರಿಯೂ ಅದೇ. ಹಾಗಾಗಿ ಮೇ ತಿಂಗಳ ಕೊನೆಯಲ್ಲಿ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ದೀಪ ಮತ್ತು ಜಾರುವ ಕಾರಿನ ಚಿತ್ರದ ಇಎಸ್‌ಸಿ ದೀಪ ಒಟ್ಟಿಗೇ ಹೊತ್ತಿಕೊಂಡು ಆರದೇ ನಿಂತಾಗ ನನಗೆ ನಿಜಕ್ಕೂ ಚಿಂತೆ ಹತ್ತಿತು.

ಇಎಸ್‌ಸಿ ಎಂದರೆ ಕಾರು ಜಾರತೊಡಗಿದಾಗ ಬೇಕಾದ ಒಂದೇ ಚಕ್ರಕ್ಕೆ ತಾನಾಗಿ ಬ್ರೇಕ್ ಹಾಕಿ ಅದನ್ನು ದಾರಿಗೆ ತರುವ ವ್ಯವಸ್ಥೆ. 1995ರಲ್ಲಿ ಮರ್ಸಿಡಿಸ್‌ನ ದುಬಾರಿ ಕಾರಿನಲ್ಲಿ ಬಂದದ್ದು ಈಗ ನಮ್ಮಂಥವರ ಸಣ್ಣ ಕಾರಿನಲ್ಲೂ ಇದೆ. ಸ್ಟಿಯರಿಂಗ್ ಎಷ್ಟು ತಿರುಗಿದೆ, ಕಾರು ನಿಜವಾಗಿ ಎಷ್ಟು ತಿರುಗುತ್ತಿದೆ, ನಾಲ್ಕೂ ಚಕ್ರಗಳ ವೇಗವೆಷ್ಟು ಎಂಬುದನ್ನು ಅದು ಸದಾ ತಾಳೆ ನೋಡುತ್ತಿರುತ್ತದೆ. ಇವುಗಳಲ್ಲಿ ಒಂದು ಲೆಕ್ಕ ತಪ್ಪಿದರೂ ಕೈಕಟ್ಟಿ ಕೂರುತ್ತದೆ.

ದೀಪ ಹೊತ್ತುವ ಹಿಂದಿನ ದಿನವಷ್ಟೇ ಮುಂದಿನ ಬಲಚಕ್ರದ ಬೇರಿಂಗ್ ಹಾಕಿಸಿದ್ದೆ. ಗೂಂ ಎನ್ನುತ್ತಿದ್ದ ಸದ್ದು ಹೋಯಿತು, ದೀಪ ಬಂತು. ಗ್ಯಾರೇಜಿನವರು ಸ್ಕ್ಯಾನರ್ ಹಾಕಿ ನೋಡಿ, ಚಕ್ರದ ವೇಗದ ಸೆನ್ಸರ್ ಹೋಗಿದೆ ಎಂದರು. ಹೊಸದನ್ನು ಹಾಕಿದರು. ಮನೆ ತಲುಪುವ ಮೊದಲೇ ದೀಪ ಮತ್ತೆ ಹೊತ್ತಿತು. ಈ ಸಲ, ಎಬಿಎಸ್ ಯೂನಿಟ್ಟೇ ಕೆಟ್ಟಿರಬೇಕು ಎಂದರು. ಅದರ ಬೆಲೆ ಕೇಳಿದ ಮೇಲೆ, ನಾನೇ ಒಮ್ಮೆ ನೋಡಿಬಿಡುತ್ತೇನೆ ಎಂದು ಕಾರನ್ನು ಮನೆಗೆ ತಂದೆ. ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್ ರಿಪೇರಿಗೆಂದು ಇಟ್ಟುಕೊಂಡ ಮಲ್ಟಿಮೀಟರ್ ಬಿಟ್ಟರೆ ನನ್ನ ಬಳಿ ಬೇರೆ ಉಪಕರಣವಿರಲಿಲ್ಲ.

ಮೊಬೈಲಿಗೆ ಜೋಡಿಸುವ ಅಗ್ಗದ ಸ್ಕ್ಯಾನರ್ ಒಂದನ್ನು ಮೊದಲು ತಂದೆ. ಯಾವ ದೋಷವೂ ಇಲ್ಲ ಎಂದು ತೋರಿಸಿತು. ಅದು ಓದುತ್ತಿದ್ದುದು ಎಂಜಿನ್ನಿನ ಕೋಡ್‌ಗಳನ್ನು ಮಾತ್ರ. ಬ್ರೇಕಿನ ಕಡೆಯವು 'ಸಿ' ಅಕ್ಷರದಿಂದ ಶುರುವಾಗುತ್ತವೆ. ಅವನ್ನೂ ಓದುವ ಸ್ಕ್ಯಾನರನ್ನು ಗೆಳೆಯರಿಂದ ಎರವಲು ತಂದ ಮೇಲೆ ಸಿ0040 ಸಿಕ್ಕಿತು: ಮುಂದಿನ ಬಲಚಕ್ರದ ವೇಗದ ಸೆನ್ಸರ್. ಗ್ಯಾರೇಜಿನವರು ಓದಿದ್ದೂ ಇದನ್ನೇ. ಆದರೆ ಕೋಡ್ ಹೇಳುವುದು ಆ ಚಕ್ರದಿಂದ ಸರಿಯಾದ ಸುದ್ದಿ ಬರುತ್ತಿಲ್ಲ ಎಂದಷ್ಟೇ. ತಪ್ಪು ಸೆನ್ಸರಿನದೋ, ತಂತಿಯದೋ, ಚಕ್ರದೊಂದಿಗೆ ತಿರುಗುತ್ತ ಸೆನ್ಸರಿಗೆ ವೇಗ ತಿಳಿಸುವ ಉಂಗುರದ್ದೋ ಎಂಬುದನ್ನು ಹುಡುಕುವವರು ನಾವು.

ಕೋಡ್ ಅಳಿಸಿ, ಗಾಡಿಯನ್ನು ನಿಲ್ಲಿಸಿಯೇ ಕೀ ಹಾಕಿದೆ. ದೀಪ ಒಮ್ಮೆ ಹೊತ್ತಿ ಆರಿತು. ಅಂಗಳ ದಾಟಿ ಸ್ವಲ್ಪ ದೂರ ಓಡಿಸಿದ ಮೇಲೆ ಮತ್ತೆ ಬಂತು. ನನಗೆ ಸಿಕ್ಕ ಮೊದಲ ನಿಜವಾದ ಸುಳಿವು ಇದು. ತಂತಿ ತುಂಡಾಗಿದ್ದರೆ ಕೀ ಹಾಕಿದ ಕೂಡಲೇ ಕಂಪ್ಯೂಟರಿಗೆ ಗೊತ್ತಾಗುತ್ತಿತ್ತು. ಓಡಿದ ಮೇಲೆ ಗೊತ್ತಾಗುತ್ತಿದೆ ಎಂದರೆ ತಂತಿ ಇದೆ, ಅದರಲ್ಲಿ ಮಿಡಿತ ಇಲ್ಲ. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು 20 ಕಿಲೋಮೀಟರ್ ವೇಗದಲ್ಲಿ ಓಡಿಸಿದೆ. ಸ್ಕ್ಯಾನರ್ ಪರದೆ ನೋಡಿ ಅವಳು ಓದಿ ಹೇಳಿದಳು: ಮೂರು ಚಕ್ರ 20, ಬಲಮುಂದಿನದು ಸೊನ್ನೆ.

ಈಗಿನ ಬಹುತೇಕ ಕಾರುಗಳಲ್ಲಿರುವಂತೆ ನನ್ನದರಲ್ಲೂ ಇದ್ದದ್ದು ಎರಡು ತಂತಿಯ ಆಕ್ಟಿವ್ ಸೆನ್ಸರ್. ಹಳೆಯ ಸುರುಳಿ ಸೆನ್ಸರಿಗೆ ಮಾಡುವಂತೆ ಇದರ ಓಮ್ಸ್ (ವಿದ್ಯುತ್ ರೋಧ) ಅಳೆದು ಪ್ರಯೋಜನವಿಲ್ಲ. ಒಳಗಿನ ಚಿಪ್ ಸುಡುವ ಭಯವೂ ಉಂಟು. ಇದು ಮಾತನಾಡುವುದು ಕರೆಂಟಿನ ಭಾಷೆಯಲ್ಲಿ. ಎದುರಿನ ಉಂಗುರ ತಿರುಗಿದಂತೆ ಸುಮಾರು 7 ಮಿಲಿಆಂಪಿಯರ್, ಆಮೇಲೆ 14, ಮತ್ತೆ 7. ಚಕ್ರವನ್ನು ಜಾಕ್ ಮೇಲೆತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಮೀಟರನ್ನು ಒಂದು ತಂತಿಯ ನಡುವೆ ಸೇರಿಸಿದೆ. ಸರಿಯಾಗಿದ್ದ ಎಡಚಕ್ರವನ್ನು ಮೊದಲು ನೋಡಿದೆ. ಟಯರನ್ನು ಕೈಯಿಂದ ಕೂದಲೆಳೆಯಷ್ಟೇ ಸರಿಸುತ್ತ ಹೋದರೆ ಅಂಕಿ 7, 14, 7 ಎಂದು ಜಿಗಿಯುತ್ತಿತ್ತು. ಬಲಚಕ್ರವನ್ನು ಪೂರ್ತಿ ಒಂದು ಸುತ್ತು ತಿರುಗಿಸಿದರೂ 7ರಿಂದ ಅಲುಗಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನಾನೂ ಸೆನ್ಸರನ್ನೇ ದೂರುತ್ತಿದ್ದೆ. ಅದನ್ನು ಬಿಚ್ಚಿ ಕೈಯಲ್ಲಿ ಹಿಡಿದು, ಹಳೆಯ ಆಟಿಕೆಯಿಂದ ಕಿತ್ತ ಪುಟ್ಟ ಆಯಸ್ಕಾಂತವನ್ನು ಅದರ ತುದಿಯ ಮುಂದೆ ಮಗುಚಿ ಮಗುಚಿ ಹಿಡಿದೆ. 14. 7. 14. ಸೆನ್ಸರ್ ಸರಿಯಾಗಿದೆ, ತಂತಿಯೂ ಸರಿಯಾಗಿದೆ. ಉಳಿದದ್ದು ಉಂಗುರ.

ಈ ಬಗೆಯ ಬೇರಿಂಗಿನಲ್ಲಿ ಹಲ್ಲಿನ ಚಕ್ರ ಇರುವುದಿಲ್ಲ. ಒಂದು ಬದಿಯ ಸೀಲ್‌ನಲ್ಲೇ ಉತ್ತರ, ದಕ್ಷಿಣ ಧ್ರುವಗಳು ಒಂದಾದ ಮೇಲೊಂದು ಕೂತ ಕಾಂತೀಯ ಪಟ್ಟಿ ಇರುತ್ತದೆ. ಉಂಗುರವೆಂದರೆ ಅದೇ. ಕಣ್ಣಿಗೆ ಬರೀ ಕಪ್ಪು ರಬ್ಬರಿನಂತೆ ಕಾಣುತ್ತದೆ. ಅಮ್ಮನ ಹೊಲಿಗೆ ಡಬ್ಬಿಯಿಂದ ಒಂದು ಗುಂಡುಸೂಜಿ ತೆಗೆದು ದಾರ ಕಟ್ಟಿದೆ. ಎಡಚಕ್ರದ ಸೆನ್ಸರ್ ಬಿಚ್ಚಿ ಆ ತೂತಿನೊಳಗೆ ಇಳಿಬಿಟ್ಟಾಗ ಸೂಜಿ ವಾಲಿ ಉಂಗುರಕ್ಕೆ ಟಕ್ಕನೆ ಅಂಟಿತು. ದಾರ ಎಳೆದರೆ ಸಣ್ಣಗೆ ಬಿಗಿಯಾಗುವುದು ಬೆರಳಿಗೇ ತಿಳಿಯುತ್ತಿತ್ತು. ಬಲಚಕ್ರದಲ್ಲಿ ಸೂಜಿ ಸುಮ್ಮನೆ ತೂಗಾಡಿತು. ಬೇರಿಂಗನ್ನು ತಿರುಗುಮುರುಗಾಗಿ ಕೂರಿಸಿದ್ದರು. ಕಾಂತೀಯ ಬದಿ ಹೊರಗೆ, ಸಾದಾ ಬದಿ ಸೆನ್ಸರಿನ ಎದುರಿಗೆ.

ಬೇರಿಂಗ್ ಒತ್ತಿ ಕೂರಿಸುವ ಪ್ರೆಸ್ ಇರುವ ಬೇರೊಂದು ವರ್ಕ್‌ಶಾಪಿಗೆ ಹೋದೆ. ಒತ್ತಿ ತೆಗೆದ ಬೇರಿಂಗನ್ನು ಮತ್ತೆ ಬಳಸಲು ಬರುವುದಿಲ್ಲ, ಹಾಗಾಗಿ ಇನ್ನೊಂದು ಹೊಸದಕ್ಕೆ ದುಡ್ಡು ಕೊಡಬೇಕಾಯಿತು. ಒತ್ತುವ ಮೊದಲು ಎರಡೂ ಮುಖಕ್ಕೆ ಸೂಜಿ ಮುಟ್ಟಿಸಿ, ಅಂಟಿದ ಬದಿಗೆ ಸೀಮೆಸುಣ್ಣದ ಗುರುತು ಹಾಕಿಕೊಟ್ಟೆ. ಜೋಡಿಸಿ, ಅಲೈನ್‌ಮೆಂಟ್ ಮಾಡಿಸಿ, ಕೋಡ್ ಅಳಿಸಿ ಓಡಿಸಿದಾಗ ನಾಲ್ಕೂ ಚಕ್ರ ಒಂದೇ ಅಂಕಿ ತೋರಿಸಿದವು.

ತೆಗೆದ ಬೇರಿಂಗನ್ನು ಮೊದಲ ಗ್ಯಾರೇಜಿಗೆ ಒಯ್ದೆ. ಜಗಳಕ್ಕಲ್ಲ, ಇನ್ನೊಬ್ಬರ ಕಾರಿಗೆ ಹೀಗಾಗಬಾರದು ಎಂದು. ಅಲ್ಲಿನ ಹಿರಿಯ ಮೆಕ್ಯಾನಿಕ್ ಸೂಜಿಯನ್ನು ತಾವೇ ಎರಡೂ ಬದಿಗೆ ಮುಟ್ಟಿಸಿ ನೋಡಿದರು. "ಇದಕ್ಕೆ ಒಳಗು ಹೊರಗು ಇದೆ ಎಂದು ಗೊತ್ತಿರಲಿಲ್ಲ ಮಾರಾಯರೇ" ಎಂದು ಕೆಲಸದ ಹುಡುಗನನ್ನು ಕರೆದು ಅವನಿಗೂ ತೋರಿಸಿದರು. ಮೊದಲು ಕಿತ್ತುಹಾಕಿದ್ದ ನನ್ನ ಹಳೆಯ ಸೆನ್ಸರ್ ಅವರ ಮೂಲೆಯ ಡಬ್ಬದಲ್ಲಿ ಇನ್ನೂ ಬಿದ್ದಿತ್ತು. ಕೇಳಿ ತೆಗೆದುಕೊಂಡೆ. ಮನೆಯಲ್ಲಿ ಆಯಸ್ಕಾಂತ ಹಿಡಿದು ನೋಡಿದೆ: 7, 14, 7.