ಎಫ್‌ಪಿಜಿಎ ಕಲಿಯುವವರಿಗೆ: ಒಂದು ಎಲ್‌ಇಡಿ, ಒಂದು ಬಟನ್

ನಾನು ವರ್ಷಗಟ್ಟಲೆ ಮೈಕ್ರೋಕಂಟ್ರೋಲರ್‌ಗೆ ಸಿ ಕೋಡ್ ಬರೆದವನು. ಎಫ್‌ಪಿಜಿಎಗೆ (ಒಳಗಿನ ಸರ್ಕ್ಯೂಟನ್ನು ನಾವೇ ರೂಪಿಸಬಹುದಾದ ಚಿಪ್) ಬಳಸುವ ವೆರಿಲಾಗ್ ಭಾಷೆ ಕೂಡ ಹಾಗೇ ಅಂದುಕೊಂಡಿದ್ದೆ: ಮೇಲಿನ ಸಾಲು ಮೊದಲು, ಕೆಳಗಿನದು ಆಮೇಲೆ. ಹಾಗಲ್ಲ. ಇಲ್ಲಿ ನಾವು ಬರೆಯುವುದು ಸರ್ಕ್ಯೂಟ್. ಅದರ ಎಲ್ಲ ಭಾಗಗಳೂ ಒಟ್ಟಿಗೇ ಕೆಲಸ ಮಾಡುತ್ತಿರುತ್ತವೆ. ಹಾಗಾಗಿ ಮೊದಲು ಹಾಳೆಯ ಮೇಲೆ ಚಿತ್ರ ಬರೆಯಿರಿ. ಫ್ಲಿಪ್‌ಫ್ಲಾಪ್ (ಕ್ಲಾಕ್ ಬಡಿದಾಗ ಒಂದು ಬಿಟ್ ಹಿಡಿದಿಡುವ ಭಾಗ) ಎಲ್ಲಿ, ಆಡರ್ (ಕೂಡುವ ಭಾಗ) ಎಲ್ಲಿ, ಯಾವ ವೈರ್ ಎಲ್ಲಿಗೆ ಹೋಗುತ್ತದೆ? ಕೋಡ್ ಆಮೇಲೆ.

ದೊಡ್ಡ ಚಿಪ್ ಬೇಡ. ಐಸ್40 ಎಚ್‌ಎಕ್ಸ್1ಕೆ ಚಿಪ್‌ನ 1,280 ಲಾಜಿಕ್ ಸೆಲ್ ಕಲಿಯಲು ಧಾರಾಳ. ಕೋಡನ್ನು ಸರ್ಕ್ಯೂಟ್ ಮಾಡುವ ಯೋಸಿಸ್, ಅದನ್ನು ಚಿಪ್ ಒಳಗೆ ಕೂರಿಸುವ ನೆಕ್ಸ್ಟ್‌ಪಿಎನ್‌ಆರ್ ಎರಡೂ ಉಚಿತ.

ಮೊದಲು ಎಲ್‌ಇಡಿ ಮಿನುಗಿಸಿ. ಕ್ಲಾಕ್ 12 ಮೆಗಾಹರ್ಟ್ಸ್ ಇದ್ದರೆ 24 ಬಿಟ್ ಕೌಂಟರ್ ಮಾಡಿ, ಅದರ ಎಲ್ಲಕ್ಕಿಂತ ಮೇಲಿನ, ಅಂದರೆ ಅತಿ ನಿಧಾನವಾಗಿ ಬದಲಾಗುವ ಬಿಟ್ಟನ್ನು ಎಲ್‌ಇಡಿಗೆ ಕೊಡಿ. ಆ ಬಿಟ್ 83,88,608 ಟಿಕ್‌ಗೊಮ್ಮೆ (ಒಂದು ಟಿಕ್ ಎಂದರೆ ಕ್ಲಾಕಿನ ಒಂದು ಬಡಿತ), ಅಂದರೆ ಸುಮಾರು 0.7 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಈ ಲೆಕ್ಕ ನೀವೇ ಮಾಡಿ ನೋಡಿ.

ನಿಜವಾದ ಪಾಠ ಇರುವುದು ಬಟನ್‌ನಲ್ಲಿ. ನಾನು ಬಟನ್ನನ್ನು ನೇರವಾಗಿ ಸ್ಟೇಟ್ ಮಷೀನ್‌ಗೆ (ಒಂದು ಸ್ಟೇಟ್‌ನಿಂದ ಇನ್ನೊಂದಕ್ಕೆ ಹೆಜ್ಜೆಹೆಜ್ಜೆಯಾಗಿ ಹೋಗುವ ಸರ್ಕ್ಯೂಟ್) ಜೋಡಿಸಿದ್ದೆ. ಸಿಮ್ಯುಲೇಶನ್‌ನಲ್ಲಿ ಎಲ್ಲ ಸರಿ. ಬೋರ್ಡ್ ಮೇಲೆ ಮಾತ್ರ ಎಷ್ಟೋ ಸಲ ಒತ್ತಿದ ಮೇಲೆ ಒಮ್ಮೆ ನಿಂತುಬಿಡುತ್ತಿತ್ತು. ಎರಡು ರಾತ್ರಿ ಕೋಡನ್ನೇ ಓದಿದೆ. ತಪ್ಪು ಕೋಡ್‌ನ ಸಾಲಿನಲ್ಲಿ ಇರಲಿಲ್ಲ. ನಮ್ಮ ಬೆರಳಿಗೆ ಕ್ಲಾಕ್ ಗೊತ್ತಿಲ್ಲ, ಅಲ್ವಾ? ಕ್ಲಾಕ್ ಬಡಿಯುವ ಹೊತ್ತಿಗೇ ಬಟನ್ ಬದಲಾದರೆ, ವೈರ್‌ಗಳ ಉದ್ದ ಬೇರೆಬೇರೆ ಇರುವುದರಿಂದ, ಒಂದು ಫ್ಲಿಪ್‌ಫ್ಲಾಪ್‌ಗೆ 0 ಕಾಣುತ್ತದೆ, ಇನ್ನೊಂದಕ್ಕೆ 1. ಆಗ ಮಷೀನ್ ನಾನು ಬರೆಯದೇ ಇದ್ದ ಸ್ಟೇಟ್‌ಗೆ ಹೋಗಿ ಕೂರುತ್ತದೆ. ವೈರ್‌ಗಳ ಉದ್ದದ ವ್ಯತ್ಯಾಸ ನನ್ನ ಸಿಮ್ಯುಲೇಶನ್‌ನಲ್ಲಿ ಇರಲೇ ಇಲ್ಲ, ಅದಕ್ಕೇ ಅಲ್ಲಿ ಸಿಗಲಿಲ್ಲ.

ಪರಿಹಾರ ಚಿಕ್ಕದು. ಬಟನ್ ಸಿಗ್ನಲ್ ಮೊದಲು ಒಂದರ ಹಿಂದೆ ಒಂದು ಎರಡು ಫ್ಲಿಪ್‌ಫ್ಲಾಪ್ ದಾಟಲಿ. ಎರಡನೆಯದರ ಔಟ್‌ಪುಟ್ ಮಾತ್ರ ಎಲ್ಲ ಕಡೆ ಬಳಸಿ. ಮೊದಲನೆಯದನ್ನು ಬೇರೆ ಯಾವುದಕ್ಕೂ ಜೋಡಿಸಬೇಡಿ.

ಇಷ್ಟಾದರೂ ಒಂದು ಒತ್ತು ಹತ್ತಾಗಿ ಕಾಣಬಹುದು. ಬಟನ್ ಒಳಗಿನ ಲೋಹ ಕೆಲವು ಮಿಲಿಸೆಕೆಂಡ್ ಪುಟಿಯುತ್ತದೆ. ನಮ್ಮ ಕ್ಲಾಕ್‌ಗೆ ಒಂದು ಮಿಲಿಸೆಕೆಂಡ್ ಅಂದರೆ 12,000 ಟಿಕ್! ಸಿಗ್ನಲ್ 20 ಮಿಲಿಸೆಕೆಂಡ್ ಅಲುಗಾಡದೆ ಇದ್ದರೆ ಮಾತ್ರ ಒಪ್ಪಿಕೊಳ್ಳಿ. ಅದಕ್ಕೆ 2,40,000ದವರೆಗೆ ಎಣಿಸಬೇಕು, 18 ಬಿಟ್ ಸಾಕು. ಈ ಸಂಖ್ಯೆಯನ್ನು ಪ್ಯಾರಾಮೀಟರ್ ಮಾಡಿಡಿ. ಸಿಮ್ಯುಲೇಶನ್‌ನಲ್ಲಿ 10 ಅಂತ ಕೊಟ್ಟರೆ ಸುಮ್ನೆ ಕಾಯುವುದು ತಪ್ಪುತ್ತದೆ.

ಮುಂದೆ ಯುಆರ್ಟ್ (ಡೇಟಾವನ್ನು ಒಂದೊಂದೇ ಬಿಟ್ ಆಗಿ ಕಳಿಸುವ, ಪಡೆಯುವ ಸರ್ಕ್ಯೂಟ್) ಮಾಡಿ. 115200 ಬಾಡ್‌ಗೆ (ಸೆಕೆಂಡಿಗೆ ಅಷ್ಟು ಬಿಟ್) ಒಂದು ಬಿಟ್ ಅಂದರೆ ಸುಮಾರು 104 ಟಿಕ್. ಡೇಟಾ ಪಡೆಯುವ ಆರ್‌ಎಕ್ಸ್ ಲೈನ್ ಕೂಡ ಹೊರಗಿನಿಂದಲೇ ಬರುತ್ತದೆ, ಆ ಎರಡು ಫ್ಲಿಪ್‌ಫ್ಲಾಪ್ ಅದಕ್ಕೂ ಹಾಕಿ.