ದೊಡ್ಡಮ್ಮನ ಉಯಿಲು ನಾವೇ ಬರೆದೆವು

"ಎರಡು ಹಾಳೆ ನಂಬ್ಕೊಂಡು ಕೂತಿದ್ದೀಯ, ಕೋರ್ಟಿಗೆ ಅಲೆಯೋಕೆ ಒಂದು ಜೊತೆ ಚಪ್ಪಲಿ ತಗೊಂಡಿಟ್ಕೋ" ಎಂದಿದ್ದರು ಭಾವ. ಹೋದ ತಿಂಗಳು ತಿಪಟೂರಿನ ತೋಟದ ಪಹಣಿಯಲ್ಲಿ ಚಿಕ್ಕಮ್ಮನ ಮಗಳ ಹೆಸರು ಕೂತಿತು. ಯಾರೂ ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ.

ದೊಡ್ಡಮ್ಮನಿಗೆ ಮಕ್ಕಳಿಲ್ಲ. ತೋಟ ಗಂಡನಿಂದ ಬಂದದ್ದು. ಉಯಿಲು ಇಲ್ಲದಿದ್ದರೆ ಅದು ಗಂಡನ ಕಡೆಯವರಿಗೆ, ಅಂದರೆ ಮೈದುನನ ಮಕ್ಕಳಿಗೆ ಹೋಗುತ್ತಿತ್ತು. ಹತ್ತು ವರ್ಷ ಗಂಜಿ, ಮಾತ್ರೆ ಕೊಟ್ಟು ನೋಡಿಕೊಂಡ ಹುಡುಗಿಗೆ ಏನೂ ಸಿಗುತ್ತಿರಲಿಲ್ಲ.

ಮೊದಲು ಪತ್ರ ಬರಹಗಾರರ ಹತ್ತಿರ ಹೋದೆವು. ಆರೇಳು ಸಾವಿರ ಹೋಯಿತು. ಅವರು ದಾನಪತ್ರದ ನಮೂನೆಯನ್ನೇ ತಿದ್ದಿ "ಈ ದಿನವೇ ಸ್ವಾಧೀನಕ್ಕೆ ಬಿಟ್ಟುಕೊಟ್ಟಿರುತ್ತೇನೆ" ಅಂತ ಟೈಪ್ ಮಾಡಿದ್ದರು! ದೊಡ್ಡಮ್ಮ ಬದುಕಿರುವಾಗಲೇ ತೋಟ ಕೈಬಿಟ್ಟ ಹಾಗೆ ಆಗುತ್ತಿರಲಿಲ್ವಾ? ಹರಿದು ಹಾಕಿದೆವು.

ಎರಡನೆಯದನ್ನು ನಾನೇ ಬರೆದೆ. ಚಕ್ಕುಬಂದಿ, ಅಂದರೆ ತೋಟದ ನಾಲ್ಕು ದಿಕ್ಕಿನ ಗಡಿ, ಹಾಕೋದು ಮರೆತೆ. ಸಾಕ್ಷಿಗೆ ಊರಿನ ಹಿರಿಯರು ಇದ್ದರೆ ತೂಕ ಅಂತ ಎಂಬತ್ತರ ಅಜ್ಜನನ್ನು ಕರೆದೆ. ದೊಡ್ಡಮ್ಮನಿಗಿಂತ ಮೊದಲು ಅವರೇ ಹೋಗಿಬಿಟ್ಟರು. ನಾಳೆ ತಕರಾರು ಬಂದರೆ ಸಾಕ್ಷಿ ಹೇಳೋರು ಯಾರು?

ಮೂರನೆಯದು ಗಟ್ಟಿಯಾಗಿ ನಿಂತಿತು. ದೊಡ್ಡಮ್ಮ ಹೇಳಿದ್ದನ್ನು ಅವರ ಮಾತಲ್ಲೇ ಬಿಳಿ ಹಾಳೆಯಲ್ಲಿ ಬರೆದೆ. ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ಗೊತ್ತಲ್ಲ. ಆಮೇಲೆ ವಕೀಲರೊಬ್ಬರ ಮುಂದೆ ಒಂದು ಗಂಟೆ ಕೂತೆ, 1,500 ರೂಪಾಯಿ. ಅವರು ಎರಡು ಸಾಲು ಹೊಡೆದುಹಾಕಿ ಒಂದು ಸಾಲು ಸೇರಿಸಿದರು: ಮೈದುನನ ಮಕ್ಕಳಿಗೆ ಯಾಕೆ ಕೊಟ್ಟಿಲ್ಲ ಅನ್ನೋದು. ಮೈಸೂರು ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋದ ವೆಂಕಟಾಚಲ ಅಯ್ಯಂಗಾರ್ ಕೇಸಿನ ವಿಷಯವನ್ನೂ ಹೇಳಿದರು. ಲಾಭ ಪಡೆಯೋರೇ ಮುಂದೆ ನಿಂತು ಉಯಿಲು ಮಾಡಿಸಿದರೆ ಅನುಮಾನ ಬರುತ್ತದೆ ಅಂತ 1958ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತಂತೆ. ಹಾಗಾಗಿ ಸಹಿಯ ದಿನ ತೋಟ ಸಿಗಬೇಕಾದ ತಂಗಿಯನ್ನು, ಅಂದರೆ ಚಿಕ್ಕಮ್ಮನ ಮಗಳನ್ನು, ತುಮಕೂರಿಗೆ ಕಳಿಸಿದೆ. ನನಗೆ ಆ ತೋಟದಿಂದ ಒಂದು ಎಳನೀರೂ ಬರೋದಿಲ್ಲ, ನಾನಿದ್ದರೆ ತೊಂದರೆಯಿಲ್ಲ.

ವಿಡಿಯೋ ಮಾಡೋಣ ಅಂತಲೂ ನೋಡಿದೆ. ದೊಡ್ಡಮ್ಮ ಪ್ರತಿ ಮಾತಿಗೂ "ಸರಿಯಾಯ್ತಾ ಮಗಾ?" ಎಂದು ನನ್ನನ್ನೇ ಕೇಳುತ್ತಿದ್ದರು. ಅದನ್ನು ಯಾರಾದರೂ ನೋಡಿದರೆ ಹೇಳಿಕೊಟ್ಟು ಮಾಡಿಸಿದ್ದು ಅನ್ನುತ್ತಾರೆ. ಅಳಿಸಿದೆ. ಅದರ ಬದಲು ಡಾಕ್ಟರ ಹತ್ತಿರ ಬುದ್ಧಿ ನೆಟ್ಟಗಿದೆ ಅಂತ ಚೀಟಿ ಬರೆಸಿದೆ, 300. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿದೆ. ಶುಲ್ಕಕ್ಕಿಂತ ಆಟೋಗೆ ಜಾಸ್ತಿ ಹೋಯಿತು. ಎಲ್ಲಾ ಸೇರಿ ಮೂರು ಸಾವಿರದ ಒಳಗೆ, ಪತ್ರ ಬರಹಗಾರರದು ಬಿಟ್ಟು.

ಸಾಕ್ಷಿಗಳಾಗಿ ಬಂದ ಇಬ್ಬರು ನಲವತ್ತರ ಒಳಗಿನವರು. ಅವರನ್ನು ಹೇಗೆ ಆರಿಸಿದೆ ಅನ್ನೋದು ನನ್ನ ಗುಟ್ಟು, ಸುಮ್ನೆ ಕೇಳಬೇಡಿ. ಮೈದುನನ ಮಕ್ಕಳು ಉಯಿಲಿನ ನಕಲು ಹಿಡಿದು ತಮ್ಮ ವಕೀಲರ ಹತ್ತಿರ ಹೋದದ್ದು ನಿಜ. ಆಮೇಲೆ ಆ ಕಡೆಯಿಂದ ಸದ್ದಿಲ್ಲ.

ನನ್ನ ಉಯಿಲು ಮಾತ್ರ ಈಗ ವಕೀಲರೇ ಬರೆಯುತ್ತಿದ್ದಾರೆ. ನಮ್ಮದು ಪಿತ್ರಾರ್ಜಿತ, ಇನ್ನೂ ಭಾಗವಾಗಿಲ್ಲ, ಅಕ್ಕನಿಗೂ ಪಾಲಿದೆ. ಭಾವನಿಗೆ ಇದನ್ನು ಹೇಳಿಲ್ಲ.